ಭೂಪಟದಲ್ಲಿ ಎರಡು ತುಂಡಾದ ದೇಶದ ಮಕ್ಕಳಿಗೆ ಜಗತ್ತಿನ ಧರ್ಮಸಭೆಯ ಪಾಠ

ಶಾಲೆಯ ಗೋಡೆಗೆ ನೇತುಹಾಕಿದ ಜಗತ್ತಿನ ಭೂಪಟ ನೆನಪಿದೆ ಅಲ್ವಾ? ನಡುವೆ ಯುರೋಪು ಮತ್ತು ಆಫ್ರಿಕ, ಬಲಕ್ಕೆ ನಾವು, ಎಡಕ್ಕೆ ಅಮೆರಿಕ. ದುಂಡಗಿನ ಭೂಮಿಯನ್ನು ಹಾಗೆ ಚಪ್ಪಟೆ ಮಾಡಬೇಕಾದರೆ ಎಲ್ಲೋ ಒಂದು ಕಡೆ ಸೀಳಲೇಬೇಕು. ಸೀಳುವುದು ಪೆಸಿಫಿಕ್ ಸಾಗರದ ನಡುವೆ. ಅಲ್ಲಿ ಬರೀ ನೀರು ತಾನೇ, ಯಾರಿಗೇನು ನಷ್ಟ ಎಂದು.

ಆದರೆ ಕತ್ತರಿ ಆಡುವ ದಾರಿಯಲ್ಲೇ ಕಿರಿಬಾಟಿ ಎಂಬ ದೇಶವಿದೆ. ಅದರ ಕೆಲವು ದ್ವೀಪಗಳು ಪಟದ ಬಲತುದಿಗೆ ಬೀಳುತ್ತವೆ, ಉಳಿದವು ಎಡತುದಿಗೆ. ಬರೆಯುವುದು ಕಿರಿಬಾಟಿ, ಅಲ್ಲಿಯವರು ಹೇಳುವುದು ‘ಕಿರಿಬಾಸ್’. ಅವರ ಬರಹದಲ್ಲಿ ‘ಟಿ’ ಎಂದು ಬರೆದಿದ್ದನ್ನು ‘ಸ್’ ಎಂದು ಓದುತ್ತಾರೆ. ಹಿಂದೆ ಇಂಗ್ಲಿಷಿನಲ್ಲಿದ್ದ ಗಿಲ್ಬರ್ಟ್ಸ್ ಎಂಬ ಹೆಸರೇ ಅವರ ಬಾಯಲ್ಲಿ ಕಿರಿಬಾಸ್ ಆಯಿತು.

ಆ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಕಥೋಲಿಕರು, ಅಂದರೆ ರೋಮಿನ ಪೋಪರನ್ನು ಒಪ್ಪುವ ಕ್ರೈಸ್ತರು. ಇವರ ಒಟ್ಟು ಸಮುದಾಯಕ್ಕೆ ಧರ್ಮಸಭೆ (ಚರ್ಚ್) ಎನ್ನುತ್ತಾರೆ. ಅಲ್ಲಿನ ಒಂದು ದ್ವೀಪದಲ್ಲಿ ಹತ್ತು ವರ್ಷದ ಮಗುವೊಂದು ಕ್ಯಾಟಕಿಸಂ ಕ್ಲಾಸಿಗೆ, ಅಂದರೆ ಚರ್ಚಿನ ಧರ್ಮಪಾಠಕ್ಕೆ, ಬಂದು ಕೂತಿದೆ ಎಂದುಕೊಳ್ಳಿ. ಉಪದೇಶಿ ಇದೇ ಪಟ ಬಿಚ್ಚಿ, “ನೋಡು, ನಮ್ಮ ಧರ್ಮಸಭೆ ಇಡೀ ಲೋಕದಲ್ಲಿ ಹರಡಿದೆ” ಎಂದರೆ ಮಗು ಮೊದಲು ಹುಡುಕುವುದು ತನ್ನ ಊರನ್ನು. ಊರು ಸಿಗುವುದಿಲ್ಲ. ಸಿಕ್ಕರೂ ಅಂಚಿನಲ್ಲಿ, ಒಂದು ಚುಕ್ಕಿ. ರೋಮ್ ಮಾತ್ರ ಸರಿಯಾಗಿ ಮಧ್ಯದಲ್ಲಿದೆ. ಪಾಠ ಶುರುವಾಗುವ ಮೊದಲೇ ಮಗು ಏನೋ ಒಂದನ್ನು ಕಲಿತಾಯಿತು: ಅವರು ನಡುವೆ, ನಾವು ಮೂಲೆಯಲ್ಲಿ.

ಕೆಲವು ವರ್ಷ ಭಾನುವಾರದ ಕ್ಯಾಟಕಿಸಂ ಕ್ಲಾಸ್ ತೆಗೆದುಕೊಂಡವನು ನಾನು. ನಮ್ಮ ಮಕ್ಕಳಿಗೂ ಈ ಪಾಠ ಸುಲಭವಲ್ಲ. ‘ಪವಿತ್ರ ಕಥೋಲಿಕ ಧರ್ಮಸಭೆಯನ್ನು ವಿಶ್ವಾಸಿಸುತ್ತೇನೆ’ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ‘ಕಥೋಲಿಕ’ ಅಂದರೇನು ಎಂದು ಕೇಳಿದರೆ, “ನಾವೇ ಸಾರ್” ಅನ್ನುತ್ತಾರೆ. ಅದು ಪಂಗಡದ ಹೆಸರಾಗುವುದಕ್ಕೆ ಮೊದಲು ಒಂದು ಗ್ರೀಕ್ ಪದ. ಇಡಿಯಾದದ್ದು, ಎಲ್ಲವನ್ನೂ ಒಳಗೊಂಡದ್ದು ಎಂದು ಅರ್ಥ. ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ಎಂಬ ಬಿಷಪ್ ಸ್ಮಿರ್ನದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಧರ್ಮಸಭೆಗೆ ಈ ಮಾತು ಬಳಸಿದ್ದಾರೆ. ಸಿಕ್ಕಿರುವ ಬರಹಗಳಲ್ಲಿ ಅದೇ ಮೊದಲು. ಆಗ ಈ ‘ಇಡೀ ಸಭೆ’ ಎಂದರೆ ಮೆಡಿಟರೇನಿಯನ್ ಕಡಲಿನ ಸುತ್ತ ಚದುರಿದ್ದ ಸಣ್ಣ ಸಣ್ಣ ಗುಂಪುಗಳು, ಅಷ್ಟೇ. ಅಂದರೆ ಕಥೋಲಿಕ ಎನ್ನುವುದು ಮೊದಲಿಂದಲೂ ಲೆಕ್ಕದ ಮಾತಲ್ಲ. ಇದನ್ನು ಹಿಡಿದುಕೊಂಡರೆ ದ್ವೀಪದ ಮಗುವಿಗೆ ಪಾಠ ಹೇಳುವುದು ಸಲೀಸು. ಬಿಟ್ಟರೆ ಕಷ್ಟ.

ಯಾಕೆಂದರೆ ಲೆಕ್ಕ ಆ ಮಗುವಿನ ಪರವಾಗಿಲ್ಲ. ಜಗತ್ತಿನಲ್ಲಿ ಕಥೋಲಿಕರು ಸುಮಾರು 140 ಕೋಟಿ. ಕಿರಿಬಾಸ್ ದೇಶದ ಒಟ್ಟು ಜನವೇ 1.2 ಲಕ್ಷದಷ್ಟು. ನೆಲ ಸುಮಾರು 811 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಆ ನೆಲ 33 ದ್ವೀಪಗಳಾಗಿ ಒಡೆದು ಬಿದ್ದಿದೆ. ಬಾನಾಬ ಎಂಬ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಮೇಲಿರುವ ಹವಳದ ದಿಬ್ಬ. ಒಂದು ಕಡೆ ಕಡಲು, ಇನ್ನೊಂದು ಕಡೆ ಲಗೂನ್ ಎಂಬ ತಿಳಿನೀರಿನ ಒಳಗಡಲು, ನಡುವೆ ಊರು. ಆದರೆ ಅವರ ಪಾಲಿನ ಸಮುದ್ರವನ್ನೂ ಸೇರಿಸಿ ನೋಡಿ: ಸುಮಾರು 35 ಲಕ್ಷ ಚದರ ಕಿಲೋಮೀಟರ್. ಭಾರತಕ್ಕಿಂತ ದೊಡ್ಡದು! ನೆಲ ಅಳೆದರೆ ಅವರದು ಚುಕ್ಕಿ, ನೀರು ಅಳೆದರೆ ಮಹಾರಾಜ್ಯ. ಅಳತೆಗೋಲು ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ಹೋಗುತ್ತದೆ.

ಹಾಗಾಗಿ ಉಪದೇಶಿ ಮೊದಲು ಮಾಡಬೇಕಾದ ಕೆಲಸ ಪಟ ಬದಲಿಸುವುದು. ಪೆಸಿಫಿಕ್ ನಡುವೆ ಇರುವ ಪಟವೂ ಸಿಗುತ್ತದೆ. ಇಲ್ಲದಿದ್ದರೆ ಒಂದು ಚೆಂಡಿನ ಮೇಲೆ ಬರೆದರೂ ಸಾಕು. ಚೆಂಡಿಗೆ ಅಂಚೇ ಇಲ್ಲವಲ್ಲ.

ಇನ್ನು ಗಡಿಯಾರದ ವಿಷಯ. ಇದು ಮಕ್ಕಳಿಗೆ ತುಂಬ ಹಿಡಿಸುವ ಪಾಠ, ನನಗೂ ಇಷ್ಟ. ದಿನ ಬದಲಾಗುವ ಗೆರೆ ಹಿಂದೆ ಈ ದೇಶದ ನಡುವೆಯೇ ಹಾದುಹೋಗುತ್ತಿತ್ತು. ರಾಜಧಾನಿ ತರಾವದಲ್ಲಿ ಸೋಮವಾರವಾದರೆ ಪೂರ್ವದ ದ್ವೀಪಗಳಲ್ಲಿ ಇನ್ನೂ ಭಾನುವಾರ. ಸರ್ಕಾರಿ ಆಫೀಸುಗಳು ಎರಡೂ ಕಡೆ ಒಟ್ಟಿಗೆ ತೆರೆದಿರುತ್ತಿದ್ದದ್ದು ವಾರಕ್ಕೆ ನಾಲ್ಕೇ ದಿನ. 1995ರಲ್ಲಿ ಸರ್ಕಾರ ಆ ಗೆರೆಯನ್ನೇ ಪೂರ್ವಕ್ಕೆ ತಳ್ಳಿತು. ಅಂದಿನಿಂದ ಕಿರಿಟಿಮಾಟಿ ದ್ವೀಪ ಮತ್ತು ಅದರ ಸಾಲಿನ ದ್ವೀಪಗಳು ಜಗತ್ತಿನಲ್ಲೇ ಮೊದಲು ಹೊಸ ದಿನ ಕಾಣುವ ಜಾಗಗಳಾದವು. ಕಿರಿಟಿಮಾಟಿಯನ್ನು ‘ಕಿರಿಸ್ಮಾಸ್’ ಎಂದು ಓದಬೇಕು. ಹೌದು, ಕ್ರಿಸ್ಮಸ್ಸೇ.

ಇದರ ಅರ್ಥ ಏನು? ಭಾನುವಾರದ ಬೆಳಗಿನ ಪೂಜೆ ಲೋಕದಲ್ಲಿ ಮೊದಲು ಶುರುವಾಗುವುದು ಈ ದ್ವೀಪಗಳಲ್ಲಿ. ಅಲ್ಲಿ ಭಾನುವಾರ ಬೆಳಗ್ಗೆ 7 ಗಂಟೆಗೆ ಪೂಜೆಯ ಗಂಟೆ ಹೊಡೆದಾಗ ನಮ್ಮಲ್ಲಿ ಶನಿವಾರ ರಾತ್ರಿ ಹತ್ತೂವರೆ. ರೋಮಿನಲ್ಲಿ ಚಳಿಗಾಲವಾದರೆ ಶನಿವಾರ ಸಂಜೆ 6. ಎರಡು ಗಂಟೆ ಬಿಟ್ಟು ತರಾವದಲ್ಲಿ 7 ಆಗುತ್ತದೆ. ಆಮೇಲೆ ನ್ಯೂಗಿನಿ, ಫಿಲಿಪೀನ್ಸ್, ನಾವು, ಆಫ್ರಿಕ, ಯುರೋಪು, ಅಮೆರಿಕ, ಹೀಗೆ ಬೆಳಗಿನ ಪೂಜೆ ಭೂಮಿಯನ್ನು ಸುತ್ತುತ್ತಾ ಹೋಗುತ್ತದೆ. ಕೊನೆಗೆ ಅಮೆರಿಕನ್ ಸಮೋವದಲ್ಲಿ ಭಾನುವಾರ 7 ಗಂಟೆಯಾದಾಗ ಕಿರಿಟಿಮಾಟಿಯಲ್ಲಿ ಸೋಮವಾರ ಬೆಳಗ್ಗೆ 8. ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಮೊದಲ ದ್ವೀಪದಲ್ಲಿ ಭಾನುವಾರ ಹುಟ್ಟಿದ ಗಳಿಗೆಯಿಂದ ಜನ ವಾಸವಿರುವ ಕೊನೆಯ ದ್ವೀಪದಲ್ಲಿ ಅದು ಮುಗಿಯುವ ತನಕ ಕೂಡಿ ನೋಡಿ: 49 ಗಂಟೆ. ಭೂಮಿಯ ಮೇಲೆ ಒಂದು ಭಾನುವಾರದ ಉದ್ದ ಎರಡು ದಿನಕ್ಕಿಂತ ಒಂದು ಗಂಟೆ ಜಾಸ್ತಿ! ಅದರ ಎರಡು ತುದಿಯೂ ಪೆಸಿಫಿಕ್ಕಿನಲ್ಲೇ ಇವೆ. ಪಟದ ಅಂಚಿನಲ್ಲಿದ್ದವರು ಗಡಿಯಾರದಲ್ಲಿ ಮೊದಲಿಗರಾದರು.

ಮಗುವಿನ ಮುಂದಿನ ಪ್ರಶ್ನೆ ಸಹಜವಾಗಿಯೇ ಬರುತ್ತದೆ. “ನಮ್ಮೂರಿಗೆ ಈ ಧರ್ಮಸಭೆ ತಂದವರು ಯಾರು?”

ಸಾಮಾನ್ಯವಾಗಿ ಹೇಳುವ ಕತೆ ಒಂದೇ ಥರ ಇರುತ್ತದೆ. ಬಿಳಿಯ ಪಾದ್ರಿ ಹಡಗಿನಿಂದ ಇಳಿದರು, ಜನ ನೆರೆದರು, ಶಿಲುಬೆ ನೆಟ್ಟರು. ಕಿರಿಬಾಸ್‌ನಲ್ಲಿ ಆದದ್ದು ಬೇರೆ. 19ನೇ ಶತಮಾನದಲ್ಲಿ ಈ ದ್ವೀಪಗಳಿಂದ ಎಷ್ಟೋ ಜನ ಕೂಲಿಗೆಂದು ದೂರದ ತೋಟಗಳಿಗೆ ಹೋಗುತ್ತಿದ್ದರು. ಕೆಲವರು ಒಪ್ಪಿ ಹೋದರು, ಕೆಲವರನ್ನು ಮೋಸದಿಂದ ಹಡಗು ಹತ್ತಿಸಿದರು. ನೊನೌಟಿ ದ್ವೀಪದ ಬೆಟೆರೊ ಮತ್ತು ಟಿರೋಯ್ ಎಂಬ ಇಬ್ಬರು ಹಾಗೆ ಟಹೀಟಿ ಸೇರಿದವರು. ಅಲ್ಲಿ ಕಥೋಲಿಕ ಮಿಷನ್ ಇತ್ತು. ಅಲ್ಲೇ ದೀಕ್ಷಾಸ್ನಾನ ಪಡೆದು ಕಥೋಲಿಕರಾದರು. ಊರಿಗೆ ಮರಳಿದ ಮೇಲೆ ಸುಮ್ನೆ ಕೂರಲಿಲ್ಲ. ಕಲಿತ ಪ್ರಾರ್ಥನೆಗಳನ್ನು ನೆರೆಹೊರೆಯವರಿಗೆ ಹೇಳಿಕೊಟ್ಟರು. ಪ್ರಾರ್ಥನೆಗೆ ಗುಡಿಸಲು ಕಟ್ಟಿದರು. ದೀಕ್ಷಾಸ್ನಾನವನ್ನೂ ಕೊಟ್ಟರು. ಪಾದ್ರಿಯೇ ಇಲ್ಲದ ಕಡೆ, ತುರ್ತಿಗೆ, ಯಾರು ಬೇಕಾದರೂ ನೀರು ಹೊಯ್ದು ಆ ಮಾತುಗಳನ್ನು ಹೇಳಿ ದೀಕ್ಷಾಸ್ನಾನ ಕೊಡಬಹುದು ಎಂಬುದು ಧರ್ಮಸಭೆಯ ಹಳೆಯ ನಿಯಮ. ಜೊತೆಗೆ, “ನಮಗೆ ಪಾದ್ರಿಗಳನ್ನು ಕಳಿಸಿ” ಎಂದು ಹೊರಗೆ ಬೇಡಿಕೆ ಇಡುತ್ತಲೇ ಬಂದರು.

ಪಾದ್ರಿಗಳು ಬಂದದ್ದು 1888ರ ಮೇ ತಿಂಗಳಲ್ಲಿ. ಫ್ರಾನ್ಸಿನ ಇಸೂದನ್ ಊರಿನಲ್ಲಿ 1854ರಲ್ಲಿ ಶುರುವಾದ ಸೇಕ್ರೆಡ್ ಹಾರ್ಟ್ ಮಿಷನರಿಗಳ ಸಭೆಯ ಮೂವರು: ಫಾದರ್ ಬೊಂತಾಂ, ಫಾದರ್ ಲೆರೇ, ಬ್ರದರ್ ವೇಬರ್. ಅವರು ನೊನೌಟಿಯಲ್ಲಿ ಇಳಿದಾಗ ಅಲ್ಲಿ ಕಾದು ನಿಂತಿದ್ದವರು ಕ್ರೈಸ್ತರಾಗಲು ಬಾಕಿ ಇದ್ದ ಜನರಲ್ಲ. ಆಗಲೇ ಪ್ರಾರ್ಥನೆ ಗೊತ್ತಿದ್ದ ನೂರಾರು ಜನ. ಪ್ರಾಟೆಸ್ಟೆಂಟರು ಇವರಿಗಿಂತ ಮೂವತ್ತು ವರ್ಷ ಮೊದಲೇ ಬಂದಿದ್ದರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1857ರಲ್ಲಿ ಅಬಯಾಂಗ್ ದ್ವೀಪಕ್ಕೆ ಬಂದ ಹೈರಮ್ ಬಿಂಗಮ್ ಆ ಭಾಷೆಗೆ ಬರಹ ಕೊಟ್ಟು ಬೈಬಲ್ ಅನುವಾದ ಮಾಡಿದವರು. ನಮ್ಮಲ್ಲಿ ಕಿಟ್ಟೆಲರಂಥವರು ಕನ್ನಡಕ್ಕೆ ಮಾಡಿದ್ದನ್ನು ಬೇರೆ ಪಂಗಡದವರು ಅಂತ ಬಿಟ್ಟುಬಿಡುತ್ತೇವೆಯೇ?

ಬೆಟೆರೊ ಎಂಬ ಹೆಸರನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿ ನೋಡಿ. ಆ ಭಾಷೆಗೆ ಇರುವುದು ಹದಿಮೂರೇ ಅಕ್ಷರ, ಅದರಲ್ಲಿ ‘ಪ’ ಇಲ್ಲ. ಹಾಗಾಗಿ ಯೇಸುವಿನ ಮುಖ್ಯ ಶಿಷ್ಯ ಪೇತ್ರ ಅಲ್ಲಿ ಬೆಟೆರೊ ಆಗುತ್ತಾನೆ. ಪೋಪ್ ಎಂದರೆ ಪೇತ್ರನ ಜಾಗದಲ್ಲಿ ಕೂತವರು. ಪೇತ್ರ ಮೀನು ಹಿಡಿಯುತ್ತಿದ್ದವನು. ಬಲೆ ಬೀಸಿ ರಾತ್ರಿಯಿಡೀ ಕಾದು ಏನೂ ಸಿಗದೆ ಬರಿಗೈಲಿ ಬಂದ ಕತೆಯನ್ನು ಬೆಂಗಳೂರಿನ ಮಗುವಿಗೆ ವಿವರಿಸಬೇಕು. ನೊನೌಟಿಯ ಮಗುವಿಗೆ ಅದು ನಿನ್ನೆ ಅಪ್ಪನಿಗೆ ಆದದ್ದು. ಹಾಗೆ ನೋಡಿದರೆ ಸುವಾರ್ತೆಯ ಎಷ್ಟೋ ಮಾತು ಆ ಮಕ್ಕಳಿಗೆ ನಮಗಿಂತ ಹತ್ತಿರ. ಕುರಿಮಂದೆ, ಗೋಧಿಹೊಲ, ದ್ರಾಕ್ಷಿತೋಟ ಬಂದಾಗ ಮಾತ್ರ ತೊಡಕು, ಯಾಕೆಂದರೆ ಮೂರೂ ಅಲ್ಲಿಲ್ಲ.

ಅಲ್ಲಿಲ್ಲದ ಆ ಗೋಧಿ ಮತ್ತು ದ್ರಾಕ್ಷಿಯಿಂದಲೇ ಈ ಪಾಠದ ಅತಿ ಮುಖ್ಯ ಭಾಗ ಶುರುವಾಗುತ್ತದೆ.

ಹವಳದ ನೆಲದಲ್ಲಿ ಬೆಳೆಯುವುದು ತೆಂಗು, ಕೇದಗೆ ಜಾತಿಯ ಪಾಂಡನಸ್, ಹಲಸು ಜಾತಿಯ ಬ್ರೆಡ್‌ಫ್ರೂಟ್, ಮತ್ತು ಗುಂಡಿ ತೋಡಿ ನೆಡುವ ಬಬಾಯ್ ಎಂಬ ದೊಡ್ಡ ಕೆಸುವಿನ ಗೆಡ್ಡೆ. ಉಳಿದದ್ದು ಸಮುದ್ರ ಕೊಡಬೇಕು. ಆದರೆ ಬಲಿಪೂಜೆಗೆ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಪೂಜೆಗೆ, ಗೋಧಿಯ ರೊಟ್ಟಿಯೇ ಬೇಕು, ದ್ರಾಕ್ಷಾರಸವೇ (ವೈನ್) ಬೇಕು. ಇದು ಧರ್ಮಸಭೆಯ ಕಾನೂನು. ಅಕ್ಕಿ ರೊಟ್ಟಿ ನಡೆಯುವುದಿಲ್ಲ, ಎಳನೀರು ನಡೆಯುವುದಿಲ್ಲ. ಅಂದರೆ ಪೂಜೆಯ ಪೀಠದ ಮೇಲಿನ ರೊಟ್ಟಿ ಮತ್ತು ರಸ ಎರಡೂ ಹಡಗಿನಲ್ಲಿ ಬಂದಿರಬೇಕು. ಯಾರೋ ಎಲ್ಲೋ ಬಿತ್ತಿದ್ದು, ಯಾರೋ ಬೀಸಿದ್ದು, ಯಾರೋ ಹಡಗಿಗೆ ತುಂಬಿದ್ದು. ‘ಜಗತ್ತಿನ ಧರ್ಮಸಭೆ’ ಅಂದರೇನು ಎಂದು ತೋರಿಸಲು ಪಟವೇ ಬೇಡ. ಪೀಠದ ಮೇಲೆ ಬೆರಳು ಮಾಡಿದರೆ ಸಾಕು.

ಚುರುಕಾದ ಮಗು ಇಲ್ಲಿ ಬಿಡುವುದಿಲ್ಲ. “ಯೇಸು ಇಲ್ಲೇ ಹುಟ್ಟಿದ್ದರೆ ಬಬಾಯ್ ತಾನೇ ತಿನ್ನುತ್ತಿದ್ದದ್ದು? ನಮಗೆ ಯಾಕೆ ಗೋಧಿ?” ಒಳ್ಳೆ ಪ್ರಶ್ನೆ. ದೇವಶಾಸ್ತ್ರ ಓದಿದವರೂ ಈ ಪ್ರಶ್ನೆ ಕೇಳಿಕೊಂಡಿದ್ದಾರೆ. ಧರ್ಮಸಭೆಯ ಉತ್ತರ ಇಷ್ಟು: ಯೇಸು ಒಂದು ಊರಿನಲ್ಲಿ, ಒಂದು ರಾತ್ರಿ, ಒಂದು ಊಟದಲ್ಲಿ ಇದನ್ನು ಮಾಡಿದರು. ಆ ಊಟದ ಗುರುತನ್ನು ಕೈಬಿಡಲು ನಮಗೆ ಅಧಿಕಾರವಿಲ್ಲ. ಈ ಉತ್ತರ ಎಲ್ಲರಿಗೂ ಸಮಾಧಾನ ಕೊಡುತ್ತದೆ ಅಂತ ನಾನು ಹೇಳಲಾರೆ.

ಆದರೆ ಅದೇ ಉಸಿರಿನಲ್ಲಿ ಮಗುವಿಗೆ ಇನ್ನೊಂದನ್ನೂ ಹೇಳಬೇಕು. ದೀಕ್ಷಾಸ್ನಾನಕ್ಕೆ, ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರಕ್ಕೆ, ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ಬಹುಕಾಲ ಆಲಿವ್ ಎಣ್ಣೆಯೇ ಆಗಿರಬೇಕಿತ್ತು. ಆಲಿವ್ ಸಿಗದ ನಾಡುಗಳು ಎಷ್ಟೋ ಇವೆ ಎಂದು ಮನಗಂಡು, 1970ರಿಂದೀಚೆಗೆ ಬೇರೆ ಗಿಡಮರಗಳ ಎಣ್ಣೆಯೂ ಆಗಬಹುದು ಎಂದು ಒಪ್ಪಿದರು. ಎಂದರೆ ತೆಂಗಿನೆಣ್ಣೆಯೂ ಆಗಬಹುದು. ಗರಿಗಳ ಭಾನುವಾರದಂದು ಯುರೋಪಿನಲ್ಲಿ ಆಲಿವ್ ಕೊಂಬೆ ಹಿಡಿದರೆ ಇಲ್ಲಿ ತೆಂಗಿನ ಗರಿ, ಅದಕ್ಕೂ ಯಾರ ತಕರಾರೂ ಇಲ್ಲ. ರೊಟ್ಟಿ ಬದಲಾಗದು, ಎಣ್ಣೆ ಬದಲಾಗಬಹುದು, ಗರಿ ಹೇಗೂ ಸರಿ. ಯಾವುದು ಎಲ್ಲೆಡೆ ಒಂದೇ, ಯಾವುದು ಊರಿಗೊಂದು ಥರ, ಈ ಗೆರೆ ಎಳೆಯುವುದನ್ನು ಕಲಿಸುವುದೇ ನನ್ನ ಪ್ರಕಾರ ಇಡೀ ಪಾಠದ ತಿರುಳು. ದೊಡ್ಡವರೂ ಇಲ್ಲೇ ಎಡವುವುದು.

ಈ ಗೆರೆ ಒಂದೇ ಕಡೆ ನಿಂತದ್ದೂ ಅಲ್ಲ. ಈ ಮಕ್ಕಳ ತಾತ ಅಜ್ಜಿಯರು ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿತ್ತು. ಆಗಿನ ಪಾಠ ಸುಲಭ: “ನೀನು ಪ್ಯಾರಿಸ್ಸಿಗೆ ಹೋದರೂ ಮನಿಲಕ್ಕೆ ಹೋದರೂ ಇದೇ ಮಾತು ಕೇಳುತ್ತದೆ. ಅದಕ್ಕೇ ನಾವು ಒಂದು.” 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಆಯಾ ಜನರ ಭಾಷೆಗೆ ಬಂತು. ಕನ್ನಡಕ್ಕೂ ಬಂತು, ಕಿರಿಬಾಸ್ ಭಾಷೆಗೂ ಬಂತು. ಮಾತೆಲ್ಲ ಅರ್ಥವಾಗತೊಡಗಿತು. ಆದರೆ ‘ಒಂದು’ ಎನ್ನುವುದನ್ನು ಕಿವಿಯಿಂದ ತೋರಿಸುವ ಸುಲಭದ ದಾರಿ ಹೋಯಿತು. ಈಗ, “ಮಾತು ಬೇರೆ, ಆದರೂ ಒಂದೇ ಪೂಜೆ” ಎಂದು ವಿವರಿಸಿ ಹೇಳಬೇಕು. ಕಷ್ಟದ ಪಾಠ, ಆದರೆ ಹೆಚ್ಚು ನಿಜವಾದದ್ದು.

ಈ ಕಷ್ಟಕ್ಕೆ ಅವರ ಊರಿನಲ್ಲೇ ಒಂದು ಒಳ್ಳೆಯ ಹೋಲಿಕೆ ಇದೆ. ಪ್ರತಿ ಊರಿಗೂ ‘ಮನೆಯಬ’ ಎಂಬ ದೊಡ್ಡ ಚಾವಡಿ. ನಮ್ಮ ಮನೆಗೂ ಆ ಪದಕ್ಕೂ ಸಂಬಂಧವಿಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೇ. ಗೋಡೆಯಿಲ್ಲದ, ಎತ್ತರದ ಇಳಿಜಾರು ಚಾವಣಿಯ ಕಟ್ಟಡ. ಪಂಚಾಯ್ತಿ, ಹಬ್ಬ, ಕುಣಿತ, ನೆಂಟರ ಸತ್ಕಾರ ಎಲ್ಲ ಅಲ್ಲೇ. ಒಳಗೆ ಎಲ್ಲಿ ಬೇಕಾದರಲ್ಲಿ ಕೂರುವಂತಿಲ್ಲ. ಪ್ರತಿ ವಂಶಕ್ಕೂ ಚಾವಣಿಯ ಅಡಿಯಲ್ಲಿ ಒಂದು ಗೊತ್ತಾದ ಜಾಗ, ಅದಕ್ಕೆ ‘ಬೋಟಿ’ ಎನ್ನುತ್ತಾರೆ. ಸೊಗಸು ಇರುವುದು ಮುಂದೆ. ಒಂದೇ ಹೆಸರಿನ ಬೋಟಿ ಬೇರೆ ಬೇರೆ ದ್ವೀಪಗಳ ಮನೆಯಬಗಳಲ್ಲೂ ಇರುತ್ತದೆ. ನೀವು ಗಾಳಿಗೆ ಸಿಕ್ಕಿ ಗುರುತಿಲ್ಲದ ದ್ವೀಪ ಸೇರಿದರೂ ಅಲ್ಲಿನ ಮನೆಯಬದಲ್ಲಿ ನಿಮ್ಮ ವಂಶದ ಜಾಗ ಇದ್ದರೆ ಅದು ನಿಮ್ಮದೇ. ಹೋಗಿ ಕೂರಬಹುದು.

ನಾನು ಅಲ್ಲಿ ಉಪದೇಶಿಯಾಗಿದ್ದರೆ ಪಾಠ ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಧರ್ಮಸಭೆ ಅಂದರೆ ಒಂದು ದೊಡ್ಡ ಮನೆಯಬ. ಚಾವಣಿ ಒಂದೇ. ಕೂರುವ ಜಾಗ ಬೇರೆ ಬೇರೆ. ಯಾವ ಊರಿಗೆ ಹೋದರೂ ನಿನಗೊಂದು ಬೋಟಿ ಇದೆ, ಅದನ್ನು ಯಾರನ್ನೂ ಬೇಡಬೇಕಾಗಿಲ್ಲ. ಹಾಗೆಯೇ ಯಾರೇ ನಿನ್ನೂರಿಗೆ ಬಂದರೂ ಅವರಿಗೂ ಜಾಗ ಇದೆ. ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ನಿಜ. ಬೋಟಿ ಹುಟ್ಟಿನಿಂದ ಬರುತ್ತದೆ, ಇದು ದೀಕ್ಷಾಸ್ನಾನದಿಂದ. ಮತ್ತು ಮನೆಯಬದಲ್ಲಿ ಮೊದಲು ಮಾತಾಡುವವರು ಯಾರು ಎಂಬುದಕ್ಕೆ ಮೇಲು ಕೆಳಗಿನ ಲೆಕ್ಕವಿದೆ. ಆ ಲೆಕ್ಕ ಧರ್ಮಸಭೆಯಲ್ಲೂ ಇಲ್ಲ ಅನ್ನಲು ಬರುವುದಿಲ್ಲ ಬಿಡಿ.

ಆಡಳಿತದ ಪಾಠ ಬೇಗ ಮುಗಿಸಬಹುದು. ಊರಿನ ಧರ್ಮಕೇಂದ್ರ, ಅದರ ಮೇಲೆ ಬಿಷಪ್ಪರ ಧರ್ಮಕ್ಷೇತ್ರ, ಅಂಥವು ಲೋಕದಲ್ಲಿ ಸುಮಾರು ಮೂರು ಸಾವಿರ. ಇವರದು ‘ತರಾವ ಮತ್ತು ನೌರು’. ಒಬ್ಬ ಬಿಷಪ್ಪರಿಗೆ ಎರಡು ದೇಶ! ತರಾವದಿಂದ ಕಿರಿಟಿಮಾಟಿಗೇ 3,000 ಕಿಲೋಮೀಟರಿಗಿಂತ ಜಾಸ್ತಿ ದೂರ. ಬೆಂಗಳೂರಿನಿಂದ ದೆಹಲಿಗೆ ನೇರ ಹಾರಿದರೂ ಅಷ್ಟರ ಅರ್ಧ ದಾಟಿದ್ದೇ ಹೆಚ್ಚು. ಪಾದ್ರಿ ತಿಂಗಳುಗಟ್ಟಲೆ ಬರಲಾಗದ ದ್ವೀಪದಲ್ಲಿ ಉಪದೇಶಿಯೇ ಪ್ರಾರ್ಥನೆ ನಡೆಸಿ ಮಕ್ಕಳಿಗೆ ಪಾಠ ಹೇಳಬೇಕಾಗುತ್ತದೆ. ಬೆಟೆರೊ ಮತ್ತು ಟಿರೋಯ್ ಮಾಡಿದ ಕೆಲಸವೇ ಇದು.

ಪೂಜೆಯ ಪದ್ಧತಿಯೂ ಒಂದೇ ಅಲ್ಲ ಎಂಬುದನ್ನು ದೊಡ್ಡ ಮಕ್ಕಳಿಗೆ ಹೇಳಬಹುದು. ಕಥೋಲಿಕ ಧರ್ಮಸಭೆಯೊಳಗೆ ಲ್ಯಾಟಿನ್ ಸಭೆಯಲ್ಲದೆ 23 ಪೂರ್ವದೇಶದ ಸಭೆಗಳಿವೆ. ಇದಕ್ಕೆ ಕರ್ನಾಟಕ ಒಳ್ಳೆಯ ಉದಾಹರಣೆ. ಮಂಗಳೂರಿನ ಬಿಷಪ್ ಲ್ಯಾಟಿನ್ ಪದ್ಧತಿಯವರು. ಪಕ್ಕದ ಬೆಳ್ತಂಗಡಿಯದು ಸಿರೋ ಮಲಬಾರ್, ಪುತ್ತೂರಿನದು ಸಿರೋ ಮಲಂಕರ. ಮೂರಕ್ಕೂ ಪೋಪ್ ಒಬ್ಬರೇ. ಒಂದೇ ಜಿಲ್ಲೆಯಲ್ಲಿ ಮೂರು ಬಗೆಯ ಪೂಜೆ ನೋಡಬಹುದು. ಅದನ್ನು ಪೆಸಿಫಿಕ್ಕಿನ ಮಗು ಕೇಳಿದರೆ ನಮ್ಮ ಮಗುವಿಗಿಂತ ಹೆಚ್ಚು ಬೆರಗಾಗಬಹುದೇನೋ.

ಈಗ ಜಪಸರ ಮತ್ತು ಕಾಸಿನ ವಿಷಯ. ಅಮೆರಿಕದ ಬಿಷಪ್ ಫುಲ್ಟನ್ ಶೀನ್ 1951ರಲ್ಲಿ ಐದು ಬಣ್ಣದ ಜಪಸರವೊಂದನ್ನು ಬಳಕೆಗೆ ತಂದರು. ಹತ್ತು ಮಣಿಗೊಂದು ಬಣ್ಣ, ಬಣ್ಣಕ್ಕೊಂದು ಖಂಡ. ಹಸಿರು ಆಫ್ರಿಕಕ್ಕೆ, ಕೆಂಪು ಅಮೆರಿಕಕ್ಕೆ, ಬಿಳಿ ಯುರೋಪಿಗೆ, ಹಳದಿ ಏಷ್ಯಕ್ಕೆ, ನೀಲಿ ಪೆಸಿಫಿಕ್ ದ್ವೀಪಗಳಿಗೆ. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಭೂಪಟ ಇಲ್ಲ. ಕೈಯಲ್ಲಿ ಹಿಡಿಯಬಹುದು, ಎಣಿಸಬಹುದು, ಸುತ್ತಿ ಬಂದರೆ ಹೊರಟ ಜಾಗಕ್ಕೇ ಬರುತ್ತದೆ. ಎಲ್ಲ ಖಂಡಕ್ಕೂ ಸಮನಾಗಿ ಹತ್ತೇ ಮಣಿ. 140 ಕೋಟಿಯ ಲೆಕ್ಕದಲ್ಲಿ ಕಾಣದೆ ಹೋಗುವ ದ್ವೀಪಗಳು ಇಲ್ಲಿ ಯುರೋಪಿನಷ್ಟೇ ಉದ್ದ.

ಕಾಸಿನ ಕತೆ ಇನ್ನೂ ಹಳೆಯದು. 1822ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೋಲಿನ್ ಜರಿಕೊ ಎಂಬ ಯುವತಿ, ಕೂಲಿ ಹೆಣ್ಣುಮಕ್ಕಳನ್ನು ಹತ್ತತ್ತು ಜನರ ಗುಂಪು ಮಾಡಿ, ವಾರಕ್ಕೊಂದು ಪುಡಿಗಾಸು ಕೂಡಿಹಾಕಿ ಮಿಷನ್ ನಾಡುಗಳಿಗೆ ಕಳಿಸುವ ಏರ್ಪಾಡಿಗೆ ಬೀಜ ಹಾಕಿದರು. ನಮ್ಮ ಚೀಟಿ ವ್ಯವಹಾರದ ಹಾಗೆ, ಆದರೆ ಚೀಟಿ ಎತ್ತುವವರು ಯಾವಾಗಲೂ ಬೇರೆಯವರು. 1843ರಲ್ಲಿ ಬಿಷಪ್ ಫೋರ್ಬಿನ್ ಜಾನ್ಸನ್ ಇದನ್ನೇ ಮಕ್ಕಳಿಗೆ ಇಳಿಸಿದರು. ದಿನಕ್ಕೊಂದು ನಮೋ ಮರಿಯ ಪ್ರಾರ್ಥನೆ, ತಿಂಗಳಿಗೊಂದು ಕಾಸು. 1926ರಲ್ಲಿ ಆದ ತೀರ್ಮಾನದಂತೆ, ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರವನ್ನು ಎಲ್ಲ ಕಡೆ ಮಿಷನ್ ಭಾನುವಾರ ಎಂದು ಆಚರಿಸುತ್ತಾರೆ. ನಮ್ಮ ಕಡೆ ಅವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ ಹರಾಜಾಗುತ್ತವೆ. ಒಂದು ಹುಂಜಕ್ಕೆ ಅಂಗಡಿ ಬೆಲೆಯ ಮೂರು ಪಟ್ಟು ಕೂಗಿ ಕೊಂಡವರನ್ನು ನೋಡಿದ್ದೇನೆ. ಆ ಹಣ ರೋಮಿನ ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಲೋಕದ ಸಾವಿರಕ್ಕೂ ಹೆಚ್ಚು ಬಡ ಧರ್ಮಕ್ಷೇತ್ರಗಳಿಗೆ ಹೋಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ಈ ಏರ್ಪಾಡಿನ ಹಳೆಯ ಚಿತ್ರಗಳಲ್ಲಿ ಕೊಡುವವರು ಯಾವಾಗಲೂ ಯುರೋಪಿನ ಮಕ್ಕಳು, ಪಡೆಯುವವರು ಬರಿಮೈಯ ‘ಪಾಪದ’ ಮಕ್ಕಳು. ದ್ವೀಪದ ಮಗು ಆ ಚಿತ್ರದಲ್ಲಿ ತನ್ನನ್ನು ಎರಡನೇ ಸಾಲಿನಲ್ಲಿ ಕಂಡರೆ ಅಲ್ಲಿಗೆ ಪಾಠ ಕೆಟ್ಟಿತು. ನಿಜವಾಗಿ ಮಿಷನ್ ಭಾನುವಾರದ ಕಾಣಿಕೆ ಎಲ್ಲ ಕಡೆಯೂ ಎತ್ತುತ್ತಾರೆ, ಪಡೆಯುವ ದೇಶಗಳಲ್ಲೂ. ಎಷ್ಟು ಎಂಬುದು ಮುಖ್ಯವಲ್ಲ. ಕಿರಿಬಾಸ್‌ನ ಮಗುವಿನ ನಾಣ್ಯವೂ ನಮ್ಮ ಹುಂಜದ ದುಡ್ಡೂ ಒಂದೇ ಡಬ್ಬಿಗೆ ಬೀಳುತ್ತವೆ ಎಂದು ಆ ಮಗುವಿಗೂ ಗೊತ್ತಿರಬೇಕು, ನಮ್ಮ ಮಗುವಿಗೂ.

ಇನ್ನೊಂದು ತಪ್ಪು ಕಲ್ಪನೆ ಇದೆ, ದ್ವೀಪದ ಮಕ್ಕಳಿಗೆ ಲೋಕವೇ ಗೊತ್ತಿಲ್ಲ ಎಂದು. ತರಾವದ ಬೆಸಿಯೋದಲ್ಲಿ 1967ರಿಂದ ನಾವಿಕರ ತರಬೇತಿ ಶಾಲೆಯಿದೆ. ಅಲ್ಲಿ ಕಲಿತವರು ಜರ್ಮನ್ ಕಂಪನಿಗಳ ಸರಕು ಹಡಗುಗಳಲ್ಲಿ ದುಡಿಯುತ್ತಾ ಬಂದಿದ್ದಾರೆ. ಇನ್ನೂ ಕೆಲವರು ಹಣ್ಣು ಕೀಳುವ ಕಾಲಕ್ಕೆ ನ್ಯೂಜಿಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೋಗುತ್ತಾರೆ. ಹತ್ತು ವರ್ಷದ ಮಗುವಿಗೆ ಹ್ಯಾಂಬರ್ಗ್ ಎಂಬುದು ಪುಸ್ತಕದ ಹೆಸರಲ್ಲ, ಅಪ್ಪ ಫೋನ್ ಮಾಡುವ ಊರು. ಅಂಥ ಬಂದರುಗಳಲ್ಲಿ ನಾವಿಕರಿಗಾಗಿಯೇ ಧರ್ಮಸಭೆಯ ಕೇಂದ್ರಗಳಿರುತ್ತವೆ. ಸ್ಟೆಲ್ಲಾ ಮಾರಿಸ್, ಅಂದರೆ ಸಮುದ್ರದ ತಾರೆ, ಎಂದು ಹೆಸರು. 1920ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಕೆಲಸ. ಬೆಚ್ಚಗಿನ ಕೋಣೆ, ಮನೆಗೆ ಫೋನ್ ಮಾಡಲು ಅನುಕೂಲ, ಮಾತಿಗೆ ಒಬ್ಬ ಫಾದರ್. “ಅಪ್ಪ ಮುಂದಿನ ಸಲ ಫೋನ್ ಮಾಡಿದಾಗ ಅಲ್ಲಿ ಪೂಜೆಗೆ ಯಾವ ಯಾವ ದೇಶದವರು ಬಂದಿದ್ದರು ಅಂತ ಕೇಳಿಕೊಂಡು ಬಾ.” ಇಡೀ ಅಧ್ಯಾಯಕ್ಕೆ ಈ ಒಂದು ಮನೆಗೆಲಸ ಸಾಕು.

ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ, ಯಾಕೆಂದರೆ ಆ ಮಕ್ಕಳು ಅದನ್ನು ಮನೆಯಲ್ಲೂ ರೇಡಿಯೋದಲ್ಲೂ ಕೇಳುತ್ತಾ ಬೆಳೆದಿದ್ದಾರೆ. ದೊಡ್ಡ ಉಬ್ಬರ ಬಂದಾಗ ಬಬಾಯ್ ಗುಂಡಿಗೆ ಉಪ್ಪುನೀರು ನುಗ್ಗುವುದನ್ನು ಕಣ್ಣಾರೆ ನೋಡಿದ್ದಾರೆ. “ನಮ್ಮ ದ್ವೀಪ ಮುಳುಗಿದರೆ ನಮ್ಮ ಧರ್ಮಸಭೆ ಎಲ್ಲಿರುತ್ತದೆ?” ಇದಕ್ಕೆ ಸುಲಭದ ಸಮಾಧಾನ ಹೇಳಬಾರದು. ಆದರೆ ನಡೆದದ್ದೊಂದನ್ನು ಹೇಳಬಹುದು. ಬಾನಾಬ ದ್ವೀಪವನ್ನು ರಸಗೊಬ್ಬರದ ಫಾಸ್ಫೇಟ್‌ಗಾಗಿ ದಶಕಗಟ್ಟಲೆ ಅಗೆದರು. ಯುದ್ಧದಲ್ಲಿ ಜಪಾನಿಯರು ಅಲ್ಲಿನ ಜನರನ್ನು ಬೇರೆ ಬೇರೆ ದ್ವೀಪಗಳಿಗೆ ಚದುರಿಸಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವರನ್ನು ಊರಿಗೆ ಬಿಡಲಿಲ್ಲ. 1945ರ ಡಿಸೆಂಬರಿನಲ್ಲಿ ಸುಮಾರು ಸಾವಿರ ಜನರನ್ನು ಹಡಗಿನಲ್ಲಿ ತಂದು, ಎರಡು ಸಾವಿರ ಕಿಲೋಮೀಟರ್ ಆಚೆ, ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಿದರು. ಮಳೆಗಾಲ, ಇರಲು ಡೇರೆಗಳು. ಆ ಜನ ಅಲ್ಲೇ ನೆಲೆನಿಂತರು. ಕಟ್ಟಿಕೊಂಡ ನಾಲ್ಕು ಊರುಗಳಿಗೆ ಬಿಟ್ಟುಬಂದ ನಾಲ್ಕು ಊರುಗಳ ಹೆಸರನ್ನೇ ಇಟ್ಟರು: ತಬ್ವೆವಾ, ಉಮಾ, ತಬಿಯಾಂಗ್, ಬುವಕೊನಿಕಾಯ್. ಇವತ್ತಿಗೂ ಅವೇ ಹೆಸರು.